ಬಂಡೆಗಳು ನಡೆದ ಭಾನುವಾರ

ನಾನು ಹಿಮವನ್ನು ಕೈಯಾರೆ ಮುಟ್ಟಿರುವುದು ಕುರ್ಲಾ ಸ್ಟೇಷನ್ನಿನ ಹೊರಗೆ, ಬರ್ಫಿನ ಗೋಲಾ ಮಾರುವವನ ಗಾಡಿಯ ಬಳಿ ಮಾತ್ರ. ಹಾಗಿದ್ದೂ ಹಿಮಾಲಯದ ಒಂದು ಹಿಮನದಿ ವರ್ಷಕ್ಕೆ ಎಷ್ಟು ದೂರ ಜಾರುತ್ತದೆ ಎಂದು ಯಾರಾದರೂ ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಜಂಬ ಅನ್ನುವವರು ಅನ್ನಲಿ. ದುಡಿದು ಸಂಪಾದಿಸಿದ ಜಂಬ ಅದು.

ಕೆಲಸ ಕೇಳುವುದಕ್ಕೆ ದೊಡ್ಡದು. ಉಪಗ್ರಹ ಒಂದು ಜಾಗದ ಚಿತ್ರ ತೆಗೆಯುತ್ತದೆ, ವರ್ಷ ಕಳೆದ ಮೇಲೆ ಅದೇ ಜಾಗದ ಇನ್ನೊಂದು ಚಿತ್ರ. ಹಿಮದ ಮೇಲೆ ಬಿರುಕುಗಳಿರುತ್ತವೆ, ಕಲ್ಲಿನ ರಾಶಿಗಳಿರುತ್ತವೆ. ಮೊದಲ ಚಿತ್ರದ ಬಿರುಕು ಎರಡನೆಯದರಲ್ಲಿ ಎಲ್ಲಿಗೆ ಬಂದು ನಿಂತಿದೆ ಎಂದು ಕಂಪ್ಯೂಟರು ಹುಡುಕಿ ಅಲ್ಲಿಗೊಂದು ಬಾಣ ಎಳೆಯುತ್ತದೆ. ಬಾಣ ಎಷ್ಟು ಉದ್ದವೋ ಹಿಮ ಅಷ್ಟು ನಡೆದಿದೆ. ಇಂಥ ಸಾವಿರಾರು ಬಾಣಗಳನ್ನು ನೋಡುವುದೇ ನನ್ನ ಉದ್ಯೋಗವಾಗಿತ್ತು. ಉದ್ಯೋಗ ಟೆಂಪರರಿ. ಪಿಎಚ್.ಡಿ. ಸೀಟು ಸಿಕ್ಕರೆ ಇದೇ ಕೆಲಸದಲ್ಲಿ ಇರಬಹುದು, ಇಲ್ಲವಾದರೆ ಮಾರ್ಚಿಗೆ ಮನೆಗೆ.

ಸೀಟಿನ ಇಂಟರ್‌ವ್ಯೂ ಸೋಮವಾರ ಇತ್ತು. ಅದಕ್ಕೆ ನಾಲ್ಕು ದಿನ ಮುಂಚೆ ನನ್ನ ಹಿಮನದಿ ಓಡತೊಡಗಿತು. ಹಿಂದಿನ ವರ್ಷಕ್ಕಿಂತ ದುಪ್ಪಟ್ಟು ವೇಗ! ನಮ್ಮ ಸರ್ ಚೆಂಬೂರಿನಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯವರು. ಯಾವುದನ್ನೂ ಸುಲಭಕ್ಕೆ ಹೊಗಳುವವರಲ್ಲ. ನಕ್ಷೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

"ಇದೊಂದು ತೋರಿಸಿದ್ರೆ ಸಾಕು ಮಾರಾಯ್ತಿ, ಸೀಟು ನಿಂದೇ" ಎಂದರು.

ಶನಿವಾರ ನಾನು ನಮ್ಮ ಖೋಲಿಯಿರುವ ವಠಾರಕ್ಕೆ, ಇಡೀ ಚಾಳಿಗೆ ಪೇಡಾ ಹಂಚಿದೆ. ಯಾಕೆಂದು ಅರ್ಧ ಜನಕ್ಕೆ ಗೊತ್ತಾಗಲಿಲ್ಲ, ಆದರೂ ತಿಂದರು. ಅಪ್ಪ ಮಾತ್ರ ಪೇಡಾ ಕೈಯಲ್ಲೇ ಹಿಡಿದುಕೊಂಡು ಕೇಳಿದ:

"ಅದು ಜೋರ್ ನಡದ್ರ ಛಲೋನೋ ಕೆಟ್ಟದೋ?"

"ಕೆಳಗಿನ ಊರಿಗೆ ಛಲೋ ಅಲ್ಲಪ್ಪ. ಐಸ್ ಬಂದು ಕೆರಿಗೆ ಬೀಳ್ತದ, ಕೆರಿ ಒಡದ್ರ ಊರ ಕೊಚ್ಚಿ ಹೋಗಬಹುದು" ಎಂದೆ, ಬಾಯ್ತುಂಬ ಪೇಡಾ ಇಟ್ಟುಕೊಂಡು.

ಅಪ್ಪ ತನ್ನ ಪೇಡಾ ಪಕ್ಕದ ಖೋಲಿಯ ಅಜ್ಜಿಗೆ ಕೊಟ್ಟು ಕೈ ಒರೆಸಿಕೊಂಡ.

ಅಪ್ಪ ಗೌಂಡಿ. ವಿಜಯಪುರದ ಕಡೆಯಿಂದ ಬಂದು ಮೂವತ್ತು ವರ್ಷ ಈ ಊರಿನ ಗೋಡೆ ಕಟ್ಟಿದವನು. ಇದನ್ನು ನಾನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ "ಕನ್‌ಸ್ಟ್ರಕ್ಷನ್ ಲೈನ್" ಎನ್ನುತ್ತಿದ್ದೆ. ಬಿಲ್ಡರ್ ಇರಬೇಕೆಂದು ಅವರು ತಿಳಿದುಕೊಳ್ಳುತ್ತಿದ್ದರು, ನಾನು ಸುಮ್ಮನಿರುತ್ತಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ನಾನು ಕನ್ನಡಿಯ ಮುಂದೆ ನಿಂತು ಭಾಷಣ ಉರು ಹೊಡೆಯುತ್ತಿದ್ದೆ. ಚಾಳಿನ ನಲ್ಲಿಯ ಹತ್ತಿರ ನೀರು ನಿಲ್ಲುತ್ತದೆ ಎಂಬ ದೂರು ಬಹಳ ದಿನದ್ದು. ಅಪ್ಪ ರಜೆಯ ದಿನ ಅದರ ನೆಲ ಸರಿಮಾಡಲು ಹೊರಟಿದ್ದ.

"ಯವ್ವಾ, ಈ ಪೈಪಿನ ತುದಿ ಹಿಡಿ ಬಾ."

"ಅಪ್ಪಾ, ನಾಳೆ ಇಂಟರ್‌ವ್ಯೂ ಐತಿ ನಂದು."

"ನಿನ್ನ ಐಸ್ ಎಲ್ಲಿ ಓಡಿ ಹೋಗ್ತದ? ಎರಡ ಮಿನಿಟಿನ ಕೆಲಸ."

ಸಿಟ್ಟಿನಿಂದಲೇ ಹೋದೆ. ಅದು ಲೆವೆಲ್ ಪೈಪು: ನೀರು ತುಂಬಿದ, ಆಚೆ ಈಚೆ ಕಾಣುವ ಸಣ್ಣ ಪೈಪು. ಒಂದು ತುದಿ ಈ ಗೋಡೆಗೆ, ಇನ್ನೊಂದು ಆ ಗೋಡೆಗೆ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ, ಅಲ್ಲಿ ಗುರುತು ಹಾಕುವುದು. ನಾನು ನನ್ನ ತುದಿ ಹಿಡಿದು ಗೋಡೆಯ ಕಡೆ ಹೊರಟರೆ ಅಪ್ಪ ತಡೆದ. ತನ್ನ ತುದಿಯನ್ನು ತಂದು ನನ್ನ ತುದಿಯ ಮಗ್ಗುಲಿಗೇ ಹಿಡಿದ. ಎರಡೂ ಒಂದೇ ಜಾಗದಲ್ಲಿದ್ದರೂ ನೀರು ಒಂದು ಬೆರಳು ಮೇಲೆ ಕೆಳಗೆ ಇತ್ತು.

"ನೋಡು, ಒಳಗ ಗಾಳಿ ಕುಂತೈತಿ. ಹಿಂಗ ಅಳತಿ ಮಾಡಿದ್ರ ಗ್ವಾಡಿ ಡೊಂಕಲ್ಲ, ನಾವ ಡೊಂಕು" ಎಂದು ಪೈಪನ್ನು ತಟ್ಟತೊಡಗಿದ.

ನನಗೆ ನನ್ನ ನಕ್ಷೆ ನೆನಪಾಯಿತು. ಹಿಮನದಿಯ ಎರಡೂ ದಡದಲ್ಲಿ ಬಂಡೆಗಳಿವೆ. ಬಂಡೆ ನಡೆಯುವುದಿಲ್ಲ. ಆದ್ದರಿಂದ ಹಿಮವನ್ನು ಅಳೆಯುವ ಮೊದಲು ಬಂಡೆಯನ್ನು ಅಳೆಯಬೇಕು. ಅಲ್ಲಿ ಸೊನ್ನೆ ಬಂದರೆ ಮಾತ್ರ ಎರಡು ಚಿತ್ರಗಳೂ ಸರಿಯಾಗಿ ಒಂದರ ಮೇಲೊಂದು ಕೂತಿವೆ ಎಂದರ್ಥ. ಇದು ನಮ್ಮ ಕೆಲಸದ ಮೊದಲ ಪಾಠ, ಪ್ರತಿ ಸಲ ಮಾಡುತ್ತಲೂ ಇದ್ದೆ. ಈ ಸಲ ಮೋಡ ಕವಿದಿತ್ತೆಂದು ಎರಡನೆಯ ಚಿತ್ರವನ್ನು ಬೇರೆ ಉಪಗ್ರಹದಿಂದ ತಂದಿದ್ದೆ. ಮೇಲಾಗಿ ನಕ್ಷೆ ಚಂದ ಕಾಣಲೆಂದು ಬಂಡೆಗಳ ಭಾಗವನ್ನೇ ಕತ್ತರಿಸಿ ಬರೀ ಹಿಮವನ್ನು ಉಳಿಸಿದ್ದೆ. ಸಂತೋಷದಲ್ಲಿ ಸೊನ್ನೆ ನೋಡಲು ಮರೆತಿದ್ದೆ.

ಕೈಯಲ್ಲಿದ್ದ ತುದಿ ಬಿಟ್ಟು ಮೆಟ್ಟಿಲು ಹತ್ತಿದೆ. ನೀರೆಲ್ಲ ಅಪ್ಪನ ಕಾಲ ಮೇಲೆ ಸುರಿಯಿತು.

"ಏ ಹುಚ್ಚಿ, ಎಲ್ಲಿ ಹೊಂಟಿ?" ಎಂದು ಕೆಳಗಿನಿಂದ ಕೂಗಿದ.

ಲ್ಯಾಪ್‌ಟಾಪ್ ತೆರೆದು, ಕತ್ತರಿಸಿದ್ದ ಭಾಗವನ್ನು ಮತ್ತೆ ಸೇರಿಸಿ ನೋಡಿದೆ. ಬಂಡೆಗಳ ಮೇಲೂ ಬಾಣಗಳಿದ್ದವು. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಉದ್ದ. ಇಡೀ ಬೆಟ್ಟ ಹಿಮದ ಜೊತೆ ಕಣಿವೆಗೆ ಇಳಿದುಬಿಟ್ಟಿತ್ತು! ಅಷ್ಟನ್ನು ಕಳೆದಾಗ ಹಿಮದ ಪಾಲಿಗೆ ಉಳಿದದ್ದು ಹಿಂದಿನ ವರ್ಷದ ವೇಗವೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ನೆಲ ನಿಜವಾಗಿಯೂ ಡೊಂಕಾಗಿತ್ತು, ನಾನು ಮಾತ್ರ ಅದರ ಮೇಲೆ ನಾಲ್ಕು ದಿನ ಕುಣಿದಿದ್ದೆ.

ಸರ್‌ಗೆ ಫೋನ್ ಮಾಡಿ, ಬಂಡೆಗಳೂ ನಡೆದಿವೆ ಎಂದೆ.

"ನಾನೂ ಕೇಳ್ಲಿಲ್ಲ ನೋಡು, ನಂದೂ ತಪ್ಪುಂಟು" ಎಂದರು. "ನಾಳೆ ನಿಂತು ಮಾತಾಡುವವಳು ನೀನು, ಎಂತ ತೋರಿಸ್ಬೇಕು ಅಂತ ನೀನೇ ನೋಡು. ಆದ್ರೆ ಆ ರಿಸಲ್ಟ್ ಇಲ್ಲದಿದ್ರೆ ಸೀಟು ಕಷ್ಟ ಉಂಟು."

ಸುಳ್ಳು ಹೇಳಲಾರೆ. ಹಳೆಯ ನಕ್ಷೆಯನ್ನೇ ತೋರಿಸಿದರೆ ಬಂಡೆ ಎಲ್ಲಿ ಎಂದು ಯಾರು ಕೇಳುತ್ತಾರೆ ಎಂಬ ಯೋಚನೆಯೂ ಬಂತು. ಐದು ನಿಮಿಷ ಇತ್ತು ಅದು. ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ನನ್ನ ಅಳತೆಯನ್ನು ನಾನೇ ನಂಬದಿದ್ದರೆ ಆ ಸೀಟಿನಲ್ಲಿ ಕೂತು ಮಾಡುವುದೇನು?

ಸೋಮವಾರ ಮೊದಲ ಸ್ಲೈಡಿನಲ್ಲೇ ಬಂಡೆಗಳ ಬಾಣ ಹಾಕಿದೆ. "ಇದು ನನ್ನ ತಪ್ಪು, ಮೊದಲು ಇದನ್ನು ನೋಡಿ" ಎಂದೆ. ಬೆಟ್ಟ ನಡೆದದ್ದಕ್ಕೆ ಇಬ್ಬರು ನಕ್ಕರು. ತಪ್ಪನ್ನು ಹೇಗೆ ಹಿಡಿದೆ, ಹೇಗೆ ಕಳೆದೆ, ಉಳಿದದ್ದನ್ನು ಯಾಕೆ ನಂಬಬಹುದು ಎಂದು ಒಂದೊಂದಾಗಿ ಹೇಳಿದೆ. ಕೊನೆಗೆ ಸಮಿತಿಯಲ್ಲಿದ್ದ ಹಿರಿಯ ಮೇಡಂ ಒಬ್ಬರು, ಇಂಟರ್‌ವ್ಯೂ ಹಿಂದಿನ ದಿನ ಇದು ಹೊಳೆದದ್ದು ಹೇಗೆ ಎಂದು ಕೇಳಿದರು.

"ನನ್ನ ಅಪ್ಪ ಗೌಂಡಿ, ಮೇಡಂ" ಎಂದು ಪೈಪಿನ ಕತೆ ಹೇಳಿದೆ.

ಸೀಟು ಸಿಕ್ಕಿತೆಂದು ತಿಳಿದದ್ದು ಮೂರು ವಾರದ ನಂತರ. ಆ ಸಂಜೆ ಏನೂ ಗೊತ್ತಿರಲಿಲ್ಲ. ಮನೆಗೆ ಬಂದಾಗ ಅಪ್ಪ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದ. ನೀರು ನಿಲ್ಲದೆ ಸರಾಗವಾಗಿ ಹರಿದು ಹೋಗುತ್ತಿತ್ತು.

"ಅಪ್ಪಾ, ಐಸ್ ಓಡಿಲ್ಲ. ನಾನ ತಪ್ಪಿದ್ದೆ. ಹೋದ ವರ್ಷದಷ್ಟ ನಡದೈತಿ."

ಅವನು ತಲೆಯೆತ್ತಿ ನೋಡಿದ. "ಹಂಗಾದ್ರ ಕೆಳಗಿನ ಮಂದಿಗೆ ಏನೂ ಆಗೂದಿಲ್ಲೇನು?"

"ಸದ್ಯಕ್ಕ ಇಲ್ಲ."

"ಹೋಗು" ಎಂದ, "ಈಗ ತಂದು ಹಂಚು ಪೇಡಾ. ನನಗೂ ಒಂದು ಕೊಡು."