ಅಕ್ಕನ ಮೇಲೆ ನಾನು ಬರೆದುಕೊಟ್ಟ ದೂರು

ಮದ್ದೂರಿನ ಹೊರಗಿನ ವೃದ್ಧಾಶ್ರಮಕ್ಕೆ ನಾನು ಆಯಾ ಆಗಿ ಸೇರಿದಾಗ, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದೂ ನನಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಕಲಿಸಿದವಳು ಹನಕೆರೆಯ ಹಿರಿಯ ಆಯಾ. ಅವಳನ್ನು ಅಕ್ಕ ಎನ್ನುತ್ತಿದ್ದೆ. ಮಧ್ಯಾಹ್ನ ತನ್ನ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದಳು.

ಕಳೆದ ವರ್ಷ ಮಂಡ್ಯದಿಂದ ಒಬ್ಬರು ನರ್ಸಮ್ಮ ಬಂದು ನಮಗೆ ತರಬೇತಿ ಕೊಟ್ಟರು. ವಯಸ್ಸಾದವರಿಗೆ ಯಾರಾದರೂ ಹೊಡೆದರೆ, ಬೈದರೆ, ಉಪವಾಸ ಕೆಡವಿದರೆ ಯಾರಿಗೆ ಹೇಳಬೇಕು, ಹೇಗೆ ಬರೆದುಕೊಡಬೇಕು ಅಂತ. "ಊಹೆ ಬೇಡ. ಕಂಡದ್ದನ್ನು, ಅವರು ಹೇಳಿದ ಮಾತನ್ನು ಹಾಗೇ ಬರೆಯಿರಿ. ಅವತ್ತೇ ಬರೆಯಿರಿ," ಎಂದರು. ಅಕ್ಕ ನನ್ನ ಪಕ್ಕ ಕೂತು ಆಕಳಿಸುತ್ತಿದ್ದಳು.

ತಿಂಗಳೂ ಕಳೆದಿರಲಿಲ್ಲ. ಮಳವಳ್ಳಿಯ ಮುಸ್ಲಿಂ ಅಜ್ಜಿಯೊಬ್ಬರಿಗೆ ಸ್ನಾನ ಮಾಡಿಸುವಾಗ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಕಂಡೆ.

"ಏನಜ್ಜಿ ಇದು?"

"ಬುಡು ಕಣಮ್ಮ, ಬಿದ್ದೆ."

ನಾನು ಚೊಂಬು ಕೆಳಗಿಟ್ಟು ಅವರ ಪಕ್ಕ ಕೂತೆ. ಆಮೇಲೆ ಅವರೇ ಹೇಳಿದರು: "ಊಟ ಬ್ಯಾಡ ಅಂದೆ. ನಿಮ್ಮಕ್ಕ ಹಿಡ್ಕಂಡು ತುರುಕುದ್ಲು. ಯಾರ್ಗೂ ಏಳ್ಬ್ಯಾಡ. ಪಾಪ, ಅವ್ಳ್ಗೂ ಸುಸ್ತು."

ಮೊದಲು ಅಕ್ಕನಿಗೇ ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ. ಆಫೀಸಿಗೆ ಹೋಗಿ ಕಂಡದ್ದನ್ನೂ ಅಜ್ಜಿಯ ಮಾತನ್ನೂ ಬರೆದೆ. ಅಕ್ಕನ ಹೆಸರು ಬರೆಯುವಾಗ ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ.

ಆಫೀಸಿನವರು ಕರೆದು ಕೇಳಿದಾಗ ಅಕ್ಕ ಒಪ್ಪಿಕೊಂಡಳು. ಕೆಲಸ ಹೋಯಿತು. ಗೇಟಿನ ಬಳಿ ನಿಂತು, "ನಂಗೊಂದ್ ಮಾತು ಏಳ್ಬವ್ದಿತ್ತು ಕಣೆ," ಎಂದಳು.

"ಏಳಿದ್ರೆ ಬರಿಯಾಕೆ ಆಯ್ತಿರ್ನಿಲ್ಲ ಕಣಕ್ಕ."

ಅವಳು ಹೋದ ಮೇಲೆ ಊಟದ ಹೊತ್ತಿಗೆ ಒಬ್ಬರ ಬದಲು ಇಬ್ಬರನ್ನು ಹಾಕಿದರು. ಅಕ್ಕ ಒಬ್ಬಳೇ ಹನ್ನೆರಡು ಜನಕ್ಕೆ ಉಣಿಸುತ್ತಿದ್ದಾಗ ಅದು ಯಾರಿಗೂ ಹೊಳೆದಿರಲಿಲ್ಲ. ನನಗೂ.

ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ತಡೆಯಲಾಗದೆ ಹೋದ ತಿಂಗಳು ಹನಕೆರೆಗೇ ಹೋದೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಾಳೆ ಎಂದು ಅವಳ ಅತ್ತೆ ನೀರು ಕೊಟ್ಟು ಕೂರಿಸಿದರು. ಸಂಜೆ ಬಂದವಳು ಜಗಲಿಯ ಮೇಲಿದ್ದ ನನ್ನನ್ನು ನೋಡಿ ನಿಂತಳು.

"ಅಜ್ಜಿ ಊಟ ಮಾಡ್ತದಾ?"

"ಮಾಡ್ತದೆ ಕಣಕ್ಕ, ನಿಧಾನಕ್ಕೆ."

"ನಂಗೆ ಆ ನಿಧಾನ ಇರ್ನಿಲ್ಲ," ಎಂದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಕತ್ತಲಾಗುವ ಮುಂಚೆ ಎದ್ದು ಬಂದೆ.

ನಾಳೆ ಅಂಥದೇ ಗುರುತು ಕಂಡರೂ ಬರೆಯುತ್ತೇನೆ. ಆದರೆ ಅವಳ ಜೊತೆ ಇನ್ನೊಂದು ಸಲ ಕೂತು ಮಾತಾಡುವ ಆಸೆ ನನ್ನನ್ನು ಬಿಟ್ಟಿಲ್ಲ.