ತಲೆ ಚಪ್ಪಟೆಯಾದ ಮೋಡ

ಆಯಿ ಆಕಾಶ ನೋಡುವಾಗ ಎಂದೂ ಅಂಗೈಯನ್ನು ಹಣೆಗೆ ಹಿಡಿದವಳಲ್ಲ. ಮಣಿಕಟ್ಟನ್ನು ಹುಬ್ಬಿಗೆ ಒತ್ತಿ, ಬೆರಳುಗಳನ್ನು ಮುಖದಿಂದ ದೂರ ಚಾಚುತ್ತಿದ್ದಳು. ಬ್ಯಾಡಗಿಯಲ್ಲಿ ನಮ್ಮಪ್ಪನ ಮೆಣಸಿನಕಾಯಿ ಅಂಗಳದಲ್ಲಿ ಮೂವತ್ತು ವರ್ಷ ತೊಟ್ಟು ಬಿಡಿಸಿದ ಬೆರಳುಗಳವು. ಕಣ್ಣಿಗೆ ತಾಗಿದರೆ ಉರಿ. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವಳು ಆಯಿ.

ಮೋಡ ಹುಟ್ಟುವುದನ್ನು ನಾನು ಕಲಿತದ್ದು ಅವಳ ಪಕ್ಕದಲ್ಲಿ ಕುಳಿತು. ಚೈತ್ರದ ಬಿಸಿಲಿಗೆ ನೆಲ ಕಾದು, ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರಿದವೆಂದರೆ ಬಿಸಿಗಾಳಿ ಎದ್ದಿದೆ, ಅವುಗಳ ನೆತ್ತಿಯ ಮೇಲೇ ಮೋಡ ಹುಟ್ಟುತ್ತದೆ ಎನ್ನುವಳು. ಹುಟ್ಟುತ್ತಿತ್ತು. ಅಡಿ ಹಲಗೆಯಂತೆ ಸಮ, ಮೇಲೆ ಹೂಕೋಸಿನ ಹಾಗೆ ಗಂಟುಗಂಟು. ಗಂಟಿನ ಅಂಚು ಚೂಪಾಗಿರುವ ತನಕ ಅದು ಬೆಳೆಯುತ್ತಲೇ ಇರುತ್ತದಂತೆ. ಮುಂದಿನದನ್ನು ಮಾತ್ರ ದನಿ ತಗ್ಗಿಸಿ ಹೇಳುವಳು: “ತಲಿ ಚಪ್ಪಟ ಆಗಿ ಹರವಿಕೊಂತಂದ್ರ ಬೆಳೆಯೂದು ಮುಗೀತು. ಇನ್ನ ಸಿಡ್ಲ ಬಡಿಯೂದಷ್ಟ. ಆವಾಗ ಬಯಲಾಗ ನಿಂದರಬಾರ್ದು.”

ಭೂಗೋಳ ಓದಿ ರಾಣೆಬೆನ್ನೂರಿನಲ್ಲಿ ಟೀಚರಾದ ವರ್ಷ ರಜೆಗೆ ಮನೆಗೆ ಬಂದಿದ್ದೆ. ಮಧ್ಯಾಹ್ನ ದಕ್ಷಿಣದಲ್ಲಿ ಎದ್ದ ಮೋಡದ ತಲೆ ಚಪ್ಪಟೆಯಾಗಿ ಹರಡಿತು. ನಮ್ಮ ಮೇಲೆ ಮಾತ್ರ ಬಿಸಿಲು. ಅಂಗಳದ ತುಂಬ ಕಾಯಿ ಹರವಿತ್ತು. ಆಯಿ ಹೆಂಗಸರನ್ನೆಲ್ಲ ಶೆಡ್ಡಿನೊಳಕ್ಕೆ ಕರೆದಳು. ತೋಯ್ದರೆ ಕಾಯಿ ಕಪ್ಪಾಗುತ್ತದೆಂದು ಅಪ್ಪ ಹೊಸ ಮೊಬೈಲು ಕೈಯಲ್ಲಿ ಹಿಡಿದೇ ಕೂಗಾಡಿದ, ನಿನ್ನ ಪುಸ್ತಕ ಏನು ಹೇಳುತ್ತದೆ ಎಂದು ನನ್ನನ್ನು ಕೇಳಿದ. ನನಗೋ ಓದಿದ ಸೊಕ್ಕು ನೆತ್ತಿಗೇರಿತ್ತು. ಮೋಡ ಬಹಳ ದೂರವಿದೆ, ತಾಡಪಾಲು ಹೊದಿಸುವಷ್ಟರಲ್ಲಿ ಏನೂ ಆಗದು ಎಂದುಬಿಟ್ಟೆ.

ಆಯಿ ನನ್ನನ್ನೇ ನೋಡಿದಳು. “ಸಾಲಿ ಕಲಿಸಾಕಿ ನೀನ ಹೇಳಿದಿ ಅಂದ್ರ ಆತು ಬಿಡವಾ,” ಎಂದಳು. ಉಳಿದವರನ್ನು ಒಳಗೇ ನಿಲ್ಲಿಸಿ, ತಾಡಪಾಲಿನ ತುದಿ ಹಿಡಿದು ಒಬ್ಬಳೇ ಹೊರಟಳು.

ಸಿಡಿಲು ಬಿಸಿಲಿನಲ್ಲೇ ಬಡಿಯಿತು. ನಾವು ಓಡಿ ಹೋಗುವಷ್ಟರಲ್ಲಿ ಆಯಿ ಇರಲಿಲ್ಲ.

ಮೋಡ ಐರಣಿ ಕಡೆ ಸರಿದುಹೋಯಿತು. ಒಂದು ಹನಿಯೂ ಬೀಳಲಿಲ್ಲ, ಒಂದು ಕಾಯಿಯೂ ತೋಯಲಿಲ್ಲ. ಹಣೆಬರಹ ಎಂದ ಅಪ್ಪ. ಓಣಿಯೂ ಅದನ್ನೇ ಅಂದಿತು. ನಾನೂ ಗೋಣು ಹಾಕಿದೆ. ಹಾಗೆ ಗೋಣು ಹಾಕಿದ್ದು ನೆನೆದರೆ ನನಗೆ ಇಂದಿಗೂ ಅಸಹ್ಯ. ದೂರದ ಮೋಡದಿಂದಲೂ ಸಿಡಿಲು ಬರುತ್ತದೆಂಬುದು ನಾನು ಓದಿ ಪಾಸಾದ ಪುಸ್ತಕದಲ್ಲೇ ಇತ್ತು.

ಪ್ರತಿ ವರ್ಷ ತರಗತಿಯಲ್ಲಿ ಆ ಮೋಡವನ್ನು ಬರೆಯುತ್ತೇನೆ: ಹದ್ದು, ಸಮ ಅಡಿ, ಹೂಕೋಸು, ಚಪ್ಪಟೆ ತಲೆ. ಇಷ್ಟು ಚಲೋ ಹೇಳುವುದನ್ನು ಎಲ್ಲಿ ಕಲಿತಿರಿ ಎಂದು ಮಕ್ಕಳು ಕೇಳುತ್ತಾರೆ.

ಪುಸ್ತಕದಲ್ಲಿ ಎನ್ನುತ್ತೇನೆ.