ಮೂರೂವರೆಗೆ ಮುಚ್ಚುವ ಪೇಟೆ

ನನ್ನ ಅಂಗಡಿಗೆ ಬಾಗಿಲಿದೆ, ಮುಚ್ಚುವ ಹೊತ್ತಿಲ್ಲ. ಮಧುಗಿರಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ಕಾಯಿಲ್ ಸುತ್ತುವುದು ನನ್ನ ಕೆಲಸ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ನಾನು ಸುತ್ತಿದ ಮೋಟರು ಅದೇ ವರ್ಷ ವಾಪಸು ಬಂದದ್ದನ್ನು ಕಂಡವರಿದ್ದರೆ ಹೇಳಲಿ. ಯಾರು ಯಾವಾಗ ಕೂಗಿದರೂ ತಟ್ಟೆ ಬಿಟ್ಟು ಏಳುತ್ತೇನೆ ಎನ್ನುವುದೇ ನನ್ನ ಜಂಬ. ಹೆಂಡತಿ ಸಾವಿತ್ರಿಗೆ ಅದೇ ಸಂಕಟ. "ಮದ್ವೆಯಾದಾಗಿಂದ ಒಂದಿನ ಜೊತೇಲಿ ಕೂತು ನೆಟ್ಟಗೆ ಉಂಡಿದ್ದೀವಾ? ನಿಮ್ಮುನ್ನ ಆ ಮೋಟ್ರುಗೇ ಕಟ್ಟಬೇಕಿತ್ತು ಬುಡಿ" ಎನ್ನುತ್ತಾಳೆ.

ಇಂಥ ನನಗೆ ಷೇರು ಪೇಟೆ ಎಂದರೆ ಹಗಲೂ ರಾತ್ರಿ ತಿರುಗುವ ಗಿರಣಿ ಎಂಬ ಕಲ್ಪನೆಯಿತ್ತು. ಉಳಿಸಿದ್ದರಲ್ಲಿ ಒಂದಿಷ್ಟು ಹಾಕೋಣವೆಂದು ಫೋನಿಗೆ ಆ್ಯಪ್ ಇಳಿಸಿಕೊಂಡೆ. ಹಗಲೆಲ್ಲ ಕೈತುಂಬ ಕಾಯಿಲಿಗೆ ಬಳಿಯುವ ವಾರ್ನಿಷ್. ಸಂಜೆ ತಿಕ್ಕಿ ತೊಳೆದುಕೊಂಡು, ಪಂಪು ತಯಾರಿಸುವ ಕಂಪನಿಯೊಂದರ ಷೇರಿಗೆ ನನ್ನ ಬೆಲೆ ಹಾಕಿ ಒತ್ತಿದೆ. ಆರ್ಡರ್ ಸ್ವೀಕರಿಸಲಾಗಿದೆ ಎಂದು ಬಂತು. "ಆ ಕಂಪ್ನೀಲಿ ನಮ್ದೂ ಪಾಲೈತೆ ಕಣೇ" ಎಂದು ಸಾವಿತ್ರಿಯ ಮುಂದೆ ಬೀಗಿದ್ದೂ ಆಯಿತು. ಮಾರನೆಯ ದಿನ ನೋಡಿದರೆ ಷೇರೇ ಇಲ್ಲ!

ಸಿಟ್ಟಿನಲ್ಲಿ ಆ್ಯಪ್‌ನವರಿಗೆ ಫೋನ್ ಹಚ್ಚಿದೆ. ಆ ಕಡೆಯ ಹುಡುಗಿ ಮೆತ್ತಗೆ ಹೇಳಿದಳು: "ಸರ್, ಮಾರ್ಕೆಟ್ ಮುಚ್ಚಿತ್ತು. ನಿಮ್ಮ ಆರ್ಡರ್ ತೆಗೆದಿಟ್ಟುಕೊಂಡು ಬೆಳಿಗ್ಗೆ ಕಳಿಸಿದ್ವಿ. ಅಷ್ಟರಲ್ಲಿ ರೇಟು ಮೇಲೆ ಹೋಗಿತ್ತು, ನಿಮ್ಮ ಬೆಲೆಗೆ ಕೊಡೋರು ಸಿಗಲಿಲ್ಲ."

"ಮುಚ್ಚಿತ್ತಾ? ಅಷ್ಟು ದೊಡ್ಡ ಪೇಟೆನಾ?"

ಅಂದಿನಿಂದ ಹಿಡಿದ ಬೆರಗು ಇನ್ನೂ ಬಿಟ್ಟಿಲ್ಲ. ದೇಶದ ದುಡ್ಡೆಲ್ಲ ಉರುಳಾಡುವ ಜಾಗ ಒಂಬತ್ತೂಕಾಲಿಗೆ ತೆರೆದು ಮೂರೂವರೆಗೆ ಮುಚ್ಚುತ್ತದೆ! ಶನಿವಾರ, ಭಾನುವಾರ ವಿಶ್ರಾಂತಿ. ದೀಪಾವಳಿಯ ರಜೆಯಲ್ಲಿ ಮಾತ್ರ ಲಕ್ಷ್ಮಿಯ ಹೆಸರಿನಲ್ಲಿ ಒಂದು ಗಂಟೆ ವ್ಯಾಪಾರ. ಬಾಗಿಲು ತೆರೆಯುವ ಮುನ್ನ ಕಾಲು ಗಂಟೆ ಇದೆಯಲ್ಲ, ಅದಂತೂ ಪವಾಡ. ಕೊಳ್ಳುವವರ ಬೆಲೆ, ಮಾರುವವರ ಬೆಲೆ ಎಲ್ಲ ಒಂದೆಡೆ ಸೇರಿ, ಯಾರೂ ಕೂಗಾಡದೆ ಒಂದು ರೇಟು ಹುಟ್ಟುತ್ತದೆ. ನಮ್ಮ ಶಿರಾ ಕಡೆಯ ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾರಲ್ಲ, ಹಾಗೆ. ಆದರೆ ಈ ಟವೆಲು ಇಡೀ ದೇಶದಷ್ಟು ಅಗಲ, ಅದರಡಿಯಲ್ಲಿ ನನ್ನ ವಾರ್ನಿಷ್ ಬೆರಳೂ ಒಂದು. ಕೋಟಿಗಳ ಧಣಿಯೂ ಸಂಜೆ ಆರ್ಡರ್ ಹಾಕಿ, ನನ್ನಂತೆಯೇ ಬೆಳಗಿಗೆ ಕಾಯಬೇಕು. ಕಾಯಿಸಿದರೆ ಗಿರಾಕಿ ಓಡಿಹೋಗುತ್ತಾನೆ ಎಂಬ ಭಯ ಆ ಪೇಟೆಗಿಲ್ಲ. ನನಗಿತ್ತು.

ಅದೇ ವಾರ ಒಂದು ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ತೋವಿನಕೆರೆಯ ರಂಗಪ್ಪಣ್ಣ ಆಟೋದಲ್ಲಿ ಸುಟ್ಟ ಮೋಟರು ತಂದು ನಿಂತ. ನಾನು ಅಂಗಡಿ ಇಟ್ಟ ದಿನದಿಂದ ಬರುತ್ತಿರುವ ಗಿರಾಕಿ. ಎದ್ದರೆ ಸಾವಿತ್ರಿ, ಏಳದಿದ್ದರೆ ರಂಗಪ್ಪಣ್ಣ. ಇಬ್ಬರಲ್ಲಿ ಒಬ್ಬರು ಕೈತಪ್ಪುವುದು ಗ್ಯಾರಂಟಿ. ಎದೆ ಗಟ್ಟಿ ಮಾಡಿಕೊಂಡೆ.

"ಇಳಿಸಣ್ಣ. ಬೆಳಿಗ್ಗೆ ಎದ್ದು ನಿಂದೇ ಮೊದ್ಲು ಮಾಡ್ತೀನಿ."

"ಇದೇನ್ಲಾ ಹೊಸ ಕಾಯ್ದೆ? ಶಿರಾಕ್ಕೆ ತಗೊಂಡು ಹೋಗ್ಲಾ?"

ನಾನು ಕೇಳಿದೆ: "ಈ ವಾರ ನಿಮ್ ಕಡೆ ಪಂಪಿಗೆ ತ್ರೀಫೇಸ್ ಕರೆಂಟು ಯಾವಾಗ ಬಿಡ್ತಾರಣ್ಣ?"

"ಮಧ್ಯಾಹ್ನದ ಮ್ಯಾಲೆ."

"ಅಲ್ಲೀಗಂಟ ಮೋಟ್ರು ಇದ್ರೂ ತಿರುಗಲ್ವಲ್ಲ. ಅಷ್ಟೊತ್ತಿಗೆ ನಿನ್ನ ಮೋಟ್ರು ಬಾವಿ ಹತ್ರ ಇರ್ತೈತೆ."

ರಂಗಪ್ಪಣ್ಣ ನನ್ನನ್ನೇ ದಿಟ್ಟಿಸಿದ. "ಅಂಗಾದ್ರೆ ಇಷ್ಟು ವರ್ಷ ಯಾಕ್ಲಾ ನಿದ್ದೆಗೆಟ್ಟು ಸುತ್ತುತಿದ್ದೆ? ನಾನೂ ಇಲ್ಲೇ ಕೂತು ಸೊಳ್ಳೆ ಕೈಲಿ ಕಚ್ಚಿಸ್ಕೊಂತಿದ್ದೆನಲ್ಲೋ!"

ಅವನನ್ನು ಒಳಗೆ ಊಟಕ್ಕೆ ಕರೆದೆ.

"ಇಬ್ರೇ ಉಣ್ಣಾಣ ಅಂದ್ರೆ ಗಿರಾಕೀನೂ ಕರ್ಕೊಂಬಂದ್ರಾ!" ಎಂದು ಸಾವಿತ್ರಿ ಗೊಣಗಿದಳು. ನಮ್ಮಿಬ್ಬರಿಗೂ ಬಡಿಸಿದಳು. ಒಂದು ಗಳಿಗೆ ಬೀದಿಯ ಕಡೆ ನೋಡಿ, ಇನ್ನೊಂದು ತಟ್ಟೆ ತಂದು ಗೋಡೆಗೊರಗಿ ತಾನೂ ಕೂತಳು. ಹುರುಳಿಕಾಳಿನ ಸಾರು. ಬಿಸಿಯಿದ್ದಾಗ ಅದರ ರುಚಿ ಹೀಗಿರುತ್ತದೆಂದು ನನಗೆ ಗೊತ್ತಾದದ್ದು ಆಗಲೇ.